ಚೌಕದಾಚೆ ಬಿದ್ದ ‘ಬೇಡ’

ಅಳತೆಯಮ್ಮನಿಗೆ ತನ್ನ ಕಚೇರಿಯೆಂದರೆ ಹೇಸಿಗೆ. ಟೈರಿನಂಗಡಿಯ ಮೇಲಿನ ಮಹಡಿ. ಕಿಟಕಿ ತೆಗೆದರೆ ಸುಟ್ಟ ರಬ್ಬರಿನ ವಾಸನೆ, ಮುಚ್ಚಿದರೆ ಯಜಮಾನರ ಬೆವರಿನ ವಾಸನೆ. ಆ ಮನುಷ್ಯ ಪೆನ್ನಿನ ಮುಚ್ಚಳದಲ್ಲಿ ಕಿವಿ ಕೆರೆದುಕೊಳ್ಳುವುದು, ಅದೇ ಮುಚ್ಚಳವನ್ನು ಇವಳ ಪರದೆಗೆ ಒತ್ತಿ “ಇಲ್ಲಿ ನೋಡಮ್ಮ” ಅನ್ನುವುದು. ಥೂ! ಅವರು ಅತ್ತ ತಿರುಗಿದ್ದೇ ತಡ, ಇವಳು ಬಟ್ಟೆ ತೆಗೆದುಕೊಂಡು ಪರದೆ ಉಜ್ಜುತ್ತಾಳೆ.

ಅಳತೆಯಮ್ಮ ಎಂಬ ಹೆಸರಿಟ್ಟದ್ದೂ ಅವರೇ, ಹಂಗಿಸಲಿಕ್ಕೆ. ಆಸ್ಪತ್ರೆಗಳ ಔಷಧಿ ಕೌಂಟರಿಗೆ ಸಾಫ್ಟ್‌ವೇರ್ ಬರೆದುಕೊಡುವುದು ಇವರ ಕಸುಬು. ಪರದೆಯ ಮೇಲೆ ಪ್ರಶ್ನೆ ಕೇಳುವ ಚೌಕಗಳು, ಅವುಗಳೊಳಗಿನ ಗುಂಡಿಗಳು ಇವಳ ಪಾಲಿನವು. ಇವುಗಳ ಅಳತೆಯನ್ನು ಪರದೆಯ ಚುಕ್ಕಿಗಳಲ್ಲಿ, ಅಂದರೆ ಪಿಕ್ಸೆಲ್‌ಗಳಲ್ಲಿ ಬರೆಯುವುದಿಲ್ಲ. ಒಂದು ಅಕ್ಷರದ ಅಗಲದ ಕಾಲು ಭಾಗವೇ ಒಂದು ಯೂನಿಟ್; ಎಲ್ಲ ಅದರಲ್ಲೇ. ಚೌಕ ಮೂಡುವ ಹೊತ್ತಿಗೆ ಕಂಪ್ಯೂಟರನ್ನು ‘ನಿನ್ನ ಅಕ್ಷರ ಈಗ ಎಷ್ಟಗಲ?’ ಎಂದು ಕೇಳಿ, ಯೂನಿಟ್ಟನ್ನು ಪಿಕ್ಸೆಲ್‌ಗೆ ಇಳಿಸಬೇಕು. ಅಕ್ಷರ ಹಿಗ್ಗಿದರೆ ಚೌಕವೂ ಹಿಗ್ಗಬೇಕು. ಮಗು ಬೆಳೆದರೆ ಅಂಗಿಯೂ ದೊಡ್ಡದಾಗಬೇಡವೇ? ಅಷ್ಟೇ ಲೆಕ್ಕ.

ಯಜಮಾನರಿಗೆ ಈ ಕೇಳುವ ತಾಪತ್ರಯವೇ ಬೇಡ. ತಮ್ಮ ಮೇಜಿನ ಕಂಪ್ಯೂಟರಿನಲ್ಲಿ ಒಂದು ಯೂನಿಟ್ಟಿಗೆ ಎರಡು ಪಿಕ್ಸೆಲ್ ಬಂತಲ್ಲ, ಜಗತ್ತಿಗೆಲ್ಲ ಎರಡೇ ಎಂದು ತೀರ್ಮಾನಿಸಿ, ಚೌಕದ ಹೊರ ಅಳತೆಗೆ ‘ಎರಡರಿಂದ ಗುಣಿಸು’ ಎಂದು ಬರೆದು ಕೈ ತೊಳೆದುಕೊಂಡರು. ಒಳಗಿನ ಗುಂಡಿಗಳು ಅಕ್ಷರದ ಜೊತೆ ಬೆಳೆಯುತ್ತವೆ, ಹೊರಗಿನ ಚೌಕಟ್ಟು ಇದ್ದಷ್ಟೇ ಇರುತ್ತದೆ. ಇವಳು ಹೇಳಿ ಹೇಳಿ ಬಾಯಿ ನೋಯಿಸಿಕೊಂಡಳು. ಗೋರ್ಕಲ್ಲ ಮೇಲೆ ಮಳೆ ಸುರಿದಂತೆ!

“ಅಕ್ಷರ ದೊಡ್ಡದು ಮಾಡ್ಕೊಳ್ಳೋರು ಯಾರಮ್ಮ? ಮುದುಕರು. ಮುದುಕರಿಗೆ ಕಂಪ್ಯೂಟರ್ ಮುಂದೆ ಏನು ಕೆಲಸ?”

ಕೆಲಸ ಇರುತ್ತದೆ. ಇವಳ ಚಿಕ್ಕಮ್ಮನಿಗೇ ಇತ್ತು. ತಾಯಿ ಸತ್ತ ಮೇಲೆ ಇವಳನ್ನು ಮಡಿಲಿಗೆ ಹಾಕಿಕೊಂಡು ಸಾಕಿದವಳು ಈ ಚಿಕ್ಕಮ್ಮ. ಇವರದೇ ಸಾಫ್ಟ್‌ವೇರ್ ಇರುವ ಆಸ್ಪತ್ರೆಯಲ್ಲಿ ಔಷಧಿ ಕೌಂಟರಿನ ಗಾಜಿನ ಹಿಂದೆ ಕೂತು ಕೂದಲು ಬೆಳ್ಳಗಾಗಿಸಿಕೊಂಡವಳು. ಒಂದು ಸಂಜೆ ಮನೆಗೆ ಬಂದವಳೇ ಚೀಲವನ್ನೂ ಇಳಿಸದೆ ಬಾಗಿಲ ಬಳಿಯ ಸ್ಟೂಲಿನ ಮೇಲೆ ಕುಸಿದಳು.

“ಸೋಮವಾರದಿಂದ ನನ್ನನ್ನ ಕೆಳಗಿನ ಗೋದಾಮಿಗೆ ಹಾಕ್ತಾರಂತೆ ಕಣೇ, ಪೆಟ್ಟಿಗೆ ಎತ್ತಿಡೋಕೆ. ಈ ಸೊಂಟ ಇಟ್ಕೊಂಡು ಎಷ್ಟು ದಿನ ಎತ್ತಲಿ? ಮನೆಗೆ ಹೋಗು ಅನ್ನೋದನ್ನೇ ಮರ್ಯಾದೆಯಾಗಿ ಹೇಳಿದ್ದಾರೆ.”

ನಡೆದದ್ದು ಇಷ್ಟು. ಒಬ್ಬ ರೋಗಿಯ ಮಾತ್ರೆಯ ಪ್ರಮಾಣವನ್ನು ಚಿಕ್ಕಮ್ಮ ತಪ್ಪಾಗಿ ಟೈಪು ಮಾಡಿದ್ದಳು. ‘ಪ್ರಮಾಣ ಹೆಚ್ಚಾಗಿದೆ, ಕೊಡಬಹುದೇ?’ ಎಂದು ಚೌಕ ಕೇಳಿತು. ಚಿಕ್ಕಮ್ಮ ‘ಕೊಡು’ ಒತ್ತಿದಳು. ರೋಗಿಯ ತಮ್ಮ ಬಾಗಿಲಲ್ಲೇ ಪೊಟ್ಟಣ ಓದಿ ವಾಪಸು ತಂದದ್ದರಿಂದ ಅನಾಹುತ ತಪ್ಪಿತು.

“‘ಬೇಡ’ ಅಂತ ಒತ್ತಬೇಕಿತ್ತಲ್ಲ ಚಿಕ್ಕಮ್ಮ?”

“ಬೇಡ ಎಲ್ಲಿದೆ? ಇರೋದು ಒಂದೇ ಗುಂಡಿ. ಅದನ್ನ ಒತ್ತದೆ ಚೌಕ ಹೋಗೋದೇ ಇಲ್ಲ. ಎಲ್ಲರಿಗೂ ಎರಡು ಕಾಣುತ್ತಂತೆ, ನನಗೆ ಮಾತ್ರ ಒಂದು. ಹಾಗಂದಿದ್ದಕ್ಕೆ ಆ ಮೇಲ್ವಿಚಾರಕ ‘ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ’ ಅಂದ. ಬಿಡು, ಕಣ್ಣು ಹೋಯ್ತು.”

ಅಳತೆಯಮ್ಮನಿಗೆ ಥಟ್ಟನೆ ಹೊಳೆಯಿತು. ಅಯ್ಯೋ, ಇಲ್ಲಿ ನೆಲವೇ ಡೊಂಕು! ಚಿಕ್ಕಮ್ಮ ಅಕ್ಷರ ದೊಡ್ಡದು ಮಾಡಿಕೊಂಡಿದ್ದಳು. ‘ಬೇಡ’ ಎನ್ನುವ ಗುಂಡಿ ಬಲಕ್ಕೆ ಸರಿದು ಚೌಕದಾಚೆ ಬಿದ್ದಿತ್ತು.

ಮರುದಿನ ಯಜಮಾನರ ಎದುರು ನಿಂತು ಆಸ್ಪತ್ರೆಯ ಸಂಗತಿ ಎತ್ತಿದಳು.

“ಆ ಆಸ್ಪತ್ರೆಯೋರಿಗೆ ಅಕ್ಷರ ಚಿಕ್ಕದು ಮಾಡ್ಕೊಳ್ಳಿ ಅಂತ ಫೋನ್ ಮಾಡಿ ಆಯ್ತಮ್ಮ. ಮುಗೀತಲ್ಲ.”

“ನಿಮ್ಮ ಆ ಎರಡರಿಂದ ಒಬ್ಬ ಸಾಯ್ತಿದ್ದ.”

ಮುಚ್ಚಳ ಕಿವಿಯಲ್ಲೇ ನಿಂತಿತು. “ಕೌಂಟರಲ್ಲಿ ಕೂತಿದ್ದೋಳ ತಪ್ಪು ಅಂತ ಆಸ್ಪತ್ರೆಯೋರೇ ಒಪ್ಕೊಂಡಿದ್ದಾರೆ. ಹೋಗೋ ಮಾರಿನ ಮನೆಗೆ ಯಾಕೆ ಕರೀತೀಯ?”

ಗೊತ್ತಿತ್ತು ಇವರಿಗೆ! ಯಾರ ತಪ್ಪೆಂದು ಗೊತ್ತಿದ್ದೇ ತಿಪ್ಪೆ ಸಾರಿಸಿದ್ದರು. ಛೀ, ಈ ಬಾಯಿಗೆ ಇಷ್ಟು ವರ್ಷ ‘ಸರಿ ಸಾರ್’ ಅಂದೆನಲ್ಲ ಎಂದು ಅಳತೆಯಮ್ಮನಿಗೆ ತನ್ನ ಮೇಲೂ ಅಸಹ್ಯವಾಯಿತು. “ಬೇಕಾದ್ರೆ ಕೆಲಸದಿಂದ ತೆಗೀರಿ” ಎಂದವಳೇ ಕೂತು, ಆ ಎರಡನ್ನು ಅಳಿಸಿ, ಅಕ್ಷರವನ್ನು ಕೇಳಿ ಅಳೆಯುವ ಸಾಲನ್ನು ಹಾಕಿದಳು. ಚಿಕ್ಕದು, ದೊಡ್ಡದು, ಇನ್ನೂ ದೊಡ್ಡದು, ಎಲ್ಲ ಅಕ್ಷರದಲ್ಲೂ ಪರೀಕ್ಷಿಸಿ ನೇರ ಆಸ್ಪತ್ರೆಗೆ ಹೊರಟಳು.

ಕೌಂಟರಿನಲ್ಲಿ ಚಿಕ್ಕಮ್ಮನ ಮುಖವೇ ಕಾಣಲಿಲ್ಲ, ಬರೀ ತುರುಬು ಕಂಡಿತು. ಫೋನಿನ ಅಪ್ಪಣೆಯಂತೆ ಅಕ್ಷರವನ್ನು ಸಾಸಿವೆಯಷ್ಟು ಮಾಡಿಟ್ಟಿದ್ದರು. ಮುದುಕಿ ಮೂಗನ್ನು ಪರದೆಗೆ ತಾಗಿಸಿ ಓದುತ್ತಿದ್ದಳು. ಗಾಜಿನಾಚೆ ಸಾಲಿನಲ್ಲಿ ನಿಂತವರು ನಗುತ್ತಿದ್ದರು.

ಅಳತೆಯಮ್ಮ ಕೌಂಟರಿನೊಳಕ್ಕೆ ಹೋಗಿ, ತಿದ್ದಿದ ಸಾಫ್ಟ್‌ವೇರನ್ನು ಹಾಕಿ, ಅಕ್ಷರವನ್ನು ಮೊದಲಿನಂತೆ ಹಿಗ್ಗಿಸಿ, ಬೇಕೆಂದೇ ಪ್ರಮಾಣವನ್ನು ತಪ್ಪಾಗಿ ಒತ್ತಿದಳು. ಚೌಕ ಬಂತು. ಎರಡೂ ಗುಂಡಿ ಇದ್ದವು.

ಹಿಂದೆ ನಿಂತಿದ್ದ ಮೇಲ್ವಿಚಾರಕ ಬಗ್ಗಿ ನೋಡಿದ. “ಓಹೋ, ‘ಬೇಡ’ ಅನ್ನೋದನ್ನ ವಯಸ್ಸಾದೋರಿಗೂ ಹೊಸದಾಗಿ ಕೊಟ್ರಾ? ಒಳ್ಳೇದು.”

“ಹೊಸದಲ್ಲ ಸ್ವಾಮಿ. ಮೊದಲಿಂದ ಇತ್ತು. ಕಾಣದ ಹಾಗೆ ಮಾಡಿದ್ದು ನಾವು. ಇವರ ಕಣ್ಣು ಸರಿಯಾಗೇ ನೋಡಿತ್ತು, ಅಲ್ಲಿದ್ದಿದ್ದೇ ಒಂದು ಗುಂಡಿ.” ಸಾಲಿನವರಿಗೂ ಕೇಳಲಿ ಎಂದು ಜೋರಾಗಿಯೇ ಅಂದಳು.

ಮೇಲ್ವಿಚಾರಕ ಕೆಮ್ಮಿದ. “ಸರಿ, ಹಾಗಾದ್ರೆ ಸೋಮವಾರನೂ ಇಲ್ಲೇ ಕೂತ್ಕೊಳ್ಳಿ” ಎಂದು ಜಾಗ ಖಾಲಿ ಮಾಡಿದ.

ಚಿಕ್ಕಮ್ಮನಿಗೆ ಅದು ಕೇಳಿಸಿತೋ ಇಲ್ಲವೋ. ‘ಬೇಡ’ ಒತ್ತಿದಳು, ಚೌಕ ಹೋಯಿತು. ಮತ್ತೆ ಬರಿಸಿದಳು, ಮತ್ತೆ ಒತ್ತಿದಳು. ಆಮೇಲೆ ಕನ್ನಡಕ ತೆಗೆದು ಎರಡೂ ಕಣ್ಣನ್ನು ಬೆರಳಿನಿಂದ ಮೆಲ್ಲಗೆ ಸವರಿಕೊಂಡಳು.

“ಪಾಪ, ಇವಕ್ಕೆ ಎಷ್ಟು ಬೈದೆ ಕಣೇ” ಅಂದಳು.