ವೀಸಾ ಹಾಲೋ ಬಾಡಿಗೆಯೋ

ನನಗೆ ಕಾನೂನು ಗೊತ್ತಿಲ್ಲ. ಗೊತ್ತಿರುವವನ ಮುಖ ಮಾಡಿಕೊಂಡು ಕೂರುವುದು ಮಾತ್ರ ಚೆನ್ನಾಗಿ ಗೊತ್ತು. ಚೆನ್ನೈನ ಅಂಬತ್ತೂರಿನ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಸಿಬ್ಬಂದಿ ಅಧಿಕಾರಿಯಾಗಿ ಬಾಳಿದ್ದು ಆ ಮುಖದ ಬಲದಿಂದಲೇ. ತೊಂಬತ್ತರ ದಶಕದ ಕೊನೆಯಲ್ಲಿ ಚೆನ್ನೈ ಸುತ್ತ ಕಾರು ಕಾರ್ಖಾನೆಗಳು ಎದ್ದಾಗ ನಮಗೂ ಕೊರಿಯಾದಿಂದ ಹೊಸ ಯಂತ್ರಗಳು ಬಂದವು. ಅವನ್ನು ಕೂರಿಸಿಕೊಡಲು ಪಾರ್ಕ್ ಎಂಬ ಇಂಜಿನಿಯರು ಒಂದು ವರ್ಷದ ಕೆಲಸದ ವೀಸಾ ಹಿಡಿದು ಬಂದರು. ಆ ವೀಸಾದ ಉಸಾಬರಿ ನನ್ನ ತಲೆಗೆ ಬಿತ್ತು.

ಒಂದು ದಿನ ಪಾರ್ಕ್ ನನ್ನ ಮೇಜಿನ ಮುಂದೆ ಬಂದು ನಿಂತರು. ಅಪ್ಪನಿಗೆ ಅರವತ್ತು ತುಂಬುತ್ತದೆ, ಹತ್ತು ದಿನ ಊರಿಗೆ ಹೋಗಬೇಕು. ಆ ಹತ್ತು ದಿನವನ್ನು ವೀಸಾದ ಕೊನೆಗೆ ಸೇರಿಸಿಕೊಡುತ್ತಾರೆಯೇ? ಸೇರಿಸಿದರೆ ಹೋಗು, ಇಲ್ಲವಾದರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ, ನೀನೇ ಯೋಚಿಸು ಎಂದು ಅವರ ಮೇಲಿನವರು ಬರೆದಿದ್ದರಂತೆ.

ಅರವತ್ತು ಎಂದೊಡನೆ ನಾನು ವೀಸಾ ಮರೆತೆ. ನಮ್ಮ ಹಾಗೆಯೇ ಅವರಲ್ಲೂ ಅರವತ್ತು ಸಂವತ್ಸರಗಳ ಚಕ್ರವಂತೆ! ಹುಟ್ಟಿದ ವರ್ಷದ ಹೆಸರು ಮತ್ತೆ ಬರುತ್ತದೆ, ಮನುಷ್ಯ ಮೊದಲಿನಿಂದ ಎಣಿಸತೊಡಗುತ್ತಾನೆ. ಷಷ್ಟ್ಯಬ್ದಿ ಶಾಂತಿಯನ್ನು ಕಲಶಸಮೇತ ಇಂಗ್ಲಿಷಿನಲ್ಲಿ ವಿವರಿಸಿದೆ. ಪಾರ್ಕ್ ತಾಳ್ಮೆಯಿಂದ ಕೇಳಿ, "ಆ ಹತ್ತು ದಿನ?" ಎಂದರು. ನಾಳೆ ಹೇಳುತ್ತೇನೆ ಎಂದೆ.

ಸಿಕ್ಕಸಿಕ್ಕವರನ್ನು ವಿಚಾರಿಸಿದೆ. ಇಲ್ಲದ ದಿನಕ್ಕೆ ನಾವು ಸಂಬಳ ಕೊಡುತ್ತೇವೆಯೇ, ಹಾಗೆಯೇ ಇಲ್ಲದ ದಿನವನ್ನು ಸರ್ಕಾರವೂ ಎಣಿಸುವುದಿಲ್ಲ ಎಂದರು ನಮ್ಮ ಅಕೌಂಟೆಂಟು. ಹೋಗಿ ಬಂದರೆ ಇಡೀ ವರ್ಷ ಹೊಸದಾಗಿ ಶುರು ಎಂದ ಟ್ರಾವೆಲ್ ಏಜೆಂಟ್. ಮೈಲಾಪೂರಿನಲ್ಲಿ ನಾನು ಕಾಫಿ ಕುಡಿಯುವ ಹೋಟೆಲಿನ ಭಟ್ಟರು, "ಹೋದ್ರೆ ಹೋದದ್ದೇ ಮಾರಾಯ್ರೆ, ವಾಪಸ್ ಒಳಗೆ ಬಿಡುದಿಲ್ಲ" ಎಂದು ಲೋಟ ಕುಟ್ಟಿದರು. ತಲೆ ಗಿರ್ರೆಂದಿತು.

ಮನೆಯಲ್ಲಿ ಹೆಂಡತಿ ಎಲ್ಲ ಕೇಳಿ, "ರೀ, ನಾವು ಮೈಸೂರಿಗೆ ಹೋದಾಗ ಹಾಲು ನಿಲ್ಲಿಸ್ತೀವಿ. ಬಾಡಿಗೆ ನಿಲ್ಲತ್ತಾ? ನಿಮ್ಮ ವೀಸಾ ಹಾಲೋ ಬಾಡಿಗೆಯೋ, ಅಷ್ಟು ಕೇಳ್ಕೊಂಡು ಬನ್ನಿ" ಎಂದಳು. "ಅಪ್ಪಾವುಕ್ಕೇ ತೆರಿಯಾದು!" ಎಂದು ಮಗಳು ನನ್ನ ಅಜ್ಞಾನವನ್ನು ತಮಿಳಿನಲ್ಲಿ ಸಾರಿದಳು.

ಮರುದಿನ ವಿದೇಶಿಯರ ನೋಂದಣಿ ಕಚೇರಿಗೆ ಹೋದೆ. ಅಧಿಕಾರಿ ವೀಸಾದ ಕೊನೆಯ ತಾರೀಖಿನ ಮೇಲೆ ಬೆರಳಿಟ್ಟರು. ಇವರು ಹೋಗಿ ಬರಲು ಅಡ್ಡಿಯಿಲ್ಲ, ಆದರೆ ನಡುವೆ ಎಲ್ಲಿದ್ದರೂ ಮುಗಿಯುವುದು ಇದೇ ದಿನ ಎಂದರು.

"ಬಾಡಿಗೆ!" ಎಂದುಬಿಟ್ಟೆ.

"ಬಾಡಿಗೆಗೆ ಇಲ್ಲಿ ಬರಬಾರದು ಸಾರ್," ಎಂದರು ಅವರು.

ಬಸ್ಸಿನಲ್ಲಿ ಬರುವಾಗ ಮನಸ್ಸು ಪಿಚ್ಚೆನ್ನಿಸಿತು. ನಾನೂ ಚೆನ್ನೈಗೆ ಎರಡು ವರ್ಷಕ್ಕೆಂದು ಬಂದವನು. ಎಷ್ಟು ವರ್ಷವಾಯಿತು ಎಂದು ಯಾರಾದರೂ ಕೇಳಿದರೆ ಮೈಸೂರಿನಲ್ಲಿ ಕಳೆದ ಬೇಸಿಗೆಗಳನ್ನೆಲ್ಲ ಕಳೆದು ಹೇಳುತ್ತೇನೆ. ಆದರೂ ಮಗಳ ತಮಿಳು ಒಂದು ದಿನವೂ ಕಡಿಮೆಯಾಗಿಲ್ಲ.

ಪಾರ್ಕ್‌ಗೆ ಹೇಳಲು ನಾಲ್ಕು ಸಮಾಧಾನದ ಮಾತು ಜೋಡಿಸಿಕೊಂಡು ಹೋಗಿ, ಹೋದ ದಿನಗಳು ವಾಪಸ್ ಬರುವುದಿಲ್ಲ ಎಂದೆ. ಅವರು ಗೋಡೆಯ ಕ್ಯಾಲೆಂಡರಿನತ್ತ ತಿರುಗಿದರು.

"ಹೋಗದೆ ಇಲ್ಲೇ ಕೂತರೆ? ಆಗ ಬರುತ್ತವೆಯೇ?"

"ಇಲ್ಲ," ಎಂದೆ. ನಾನು ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಒಂದೂ ಅಲ್ಲಿ ಕೆಲಸಕ್ಕೆ ಬರಲಿಲ್ಲ.

ಪಾರ್ಕ್ ನಕ್ಕರು. ಅಂದೇ ಟಿಕೆಟ್ ತರಿಸಿದರು. ಹಿಂದಿರುಗಿದ ಮೇಲೆ ಬಾಕಿ ಕೆಲಸವನ್ನು ಭಾನುವಾರಗಳಂದು ಮಾಡಿ ಮುಗಿಸಿದರು. ಒಂದು ಸ್ಕ್ರೂ ಬಿಗಿಮಾಡಲು ಬಾರದ ನಾನೂ ಅಷ್ಟೂ ಭಾನುವಾರ ಅವರ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು, ಅವರಪ್ಪ ಅರವತ್ತು ತುಂಬಿದ ದಿನ ಹೇಗೆ ಕುಣಿದರು ಎಂಬುದನ್ನು ಮತ್ತೆ ಮತ್ತೆ ಹೇಳಿಸಿಕೊಂಡೆ.