ಯಜಮಾನರ ಗರಡಿ, ನಮ್ಮನೆಯವರ ಕೈ

ನಾನು ಚಳ್ಳಕೆರೆ ಸಂತೆಯಾಗೆ ಬೆಳೆದೋಳು. ನಮ್ಮವ್ವ ಅಲ್ಲಿ ಸೀರೆ ಹಾಸ್ಕೊಂಡು ಕೂತರೆ ಎಂಥಾ ಜಗಮೊಂಡ ಗಿರಾಕಿಯೂ ಬಾಯಿ ಮುಚ್ಕೊಂಡು ಕೇಳಿದಷ್ಟು ಕೊಟ್ಟು ಹೋಗೋನು. ಆ ಬಾಯಿ ನನಗೂ ಬಂದೈತೆ, ಅದಕ್ಕೆ ನನಗೇನೂ ನಾಚಿಕೆ ಇಲ್ಲ. ಮೊಳಕಾಲ್ಮೂರಿಗೆ ಮೋಟಾರು ಬರೋಕೂ ಮೊದಲು ಎತ್ತಿನ ಗಾಡಿಯಾಗೆ ಮದುವಣಗಿತ್ತಿಯಾಗಿ ಬಂದೋಳು ನಾನು. ಸ್ವಲ್ಪ ಮೆತ್ತಗೆ ಮಾತಾಡೇ, ಪಕ್ಕದ ಬೀದಿಗೆ ಕೇಳ್ತೈತೆ ಅಂತ ನಮ್ಮತ್ತೆ ದಿನಾ ಗದರೋರು. ಕೇಳಲಿ ಬಿಡ್ರಿ ಅಂತಿದ್ದೆ.

ನಮ್ಮನೆಯವರು ರೇಷ್ಮೆ ಸೀರೆ ನೇಯೋರು. ಸ್ವಂತ ಮಗ್ಗ ಇರಲಿಲ್ಲ. ಊರಿನ ಒಬ್ಬ ಯಜಮಾನರ ಮಗ್ಗದ ಮನೆಯಾಗೆ ಸಾಲಾಗಿ ಕುಣಿಮಗ್ಗ ಹಾಕಿದ್ದರು, ಅದರಾಗೆ ಒಂದು ಇವರ ಪಾಲಿಗೆ. ಆ ಯಜಮಾನರು ವಯಸ್ಸಿನಾಗೆ ಕುಸ್ತಿ ಆಡಿದೋರು. ಕುಣಿಗೆ ಕಾಲು ಇಳಿಬಿಟ್ಟು ಕೂತೂ ಕೂತೂ ನೇಯೋರ ಬೆನ್ನು ಬಾಗೋದು ಕಂಡು ಅವರಿಗೆ ಸಂಕಟ ಆಗಿ, ಹಿತ್ತಲಿನಾಗೆ ಒಂದು ಗರಡಿ ಕಟ್ಟಿಸಿದರು. ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ ಬೆರೆಸಿ ಕುಸ್ತಿ ಮಟ್ಟಿ ಹದ ಮಾಡಿಸಿದರು. ಒಳ್ಳೇ ಕೆಲಸವೇ. ಆದರೆ ಮನುಷ್ಯ ಹಟಮಾರಿ. ಬೆಳಿಗ್ಗೆ ಸಾಮು ತೆಗೆಯದೋನು ಮಗ್ಗಕ್ಕೆ ಇಳಿಯಂಗಿಲ್ಲ ಅಂದುಬಿಟ್ಟರು. ದಂಡ, ಬಸ್ಕಿ ಹೊಡೆದು ಬೆವರು ಸುರಿದ ಮೇಲೇ ಲಾಳಿ ಮುಟ್ಟಬೇಕು. ನಮ್ಮನೆಯವರು ಮೊದಮೊದಲು ಗೊಣಗಿದರು, ಆಮೇಲೆ ಅವರಿಗೂ ಆ ಮಣ್ಣಿನ ಹುಚ್ಚು ಹಿಡೀತು. ಎದೆ ಅಗಲವಾಯ್ತು, ಬೆನ್ನು ನೆಟ್ಟಗಾಯ್ತು. ನೋಡೋಕೆ ಚೆಂದವೇ ಇತ್ತು, ಸುಳ್ಳು ಯಾಕೆ ಹೇಳಲಿ.

ಒಂದು ಬೆಳಿಗ್ಗೆ ಕುಸ್ತಿ ಹಿಡಿದಾಗ ಅಡ್ಡಡ್ಡ ಬಿದ್ದು ಬಲಗೈ ಮುರ್ಕೊಂಡರು. ಕೊಂಡ್ಲಹಳ್ಳಿಯಿಂದ ಮೂಳೆ ಕಟ್ಟೋರು ಬಂದು ಬಿದಿರಿನ ದಬ್ಬೆ ಇಟ್ಟು ಕಟ್ಟಿದರು, ಇದು ಬೇಗ ಕೂಡೋದಲ್ಲ ಅಂದರು. ಯಜಮಾನರು ಸ್ವಲ್ಪ ದಿನ ಸುಮ್ಮನಿದ್ದು, ಆ ಮಗ್ಗಕ್ಕೆ ಬೇರೆಯೋನನ್ನ ಕೂರಿಸ್ತೀನಿ ಅಂತ ಹೇಳಿ ಕಳಿಸಿದರು. ಮಗ್ಗ ಹೋದರೆ ನಮ್ಮ ಮನೆಯಾಗೆ ಒಲೆ ಹತ್ತೋದಿಲ್ಲ. ಊರಿನ ಬೇರೆ ಮಗ್ಗದ ಮನೆ ಒಡೆಯರು ಯಜಮಾನರ ಕಿವಿ ಊದಿದ್ದರು. ನೇಯುವಾಗ ಪೆಟ್ಟಾದರೆ ಆ ಮಾತು ಬೇರೆ, ಆಟದಾಗೆ ಬಿದ್ದೋನನ್ನೂ ಸಾಕೋಕೆ ಹೊರಟರೆ ನಾವೆಲ್ಲ ಬಾಗಿಲು ಹಾಕ್ಕೋಬೇಕು ಅಂತ.

ನ್ಯಾಯ ತೀರ್ಮಾನಕ್ಕೆ ಚಾವಡಿಯಾಗೆ ಹಿರಿಯರು ಸೇರಿದರು, ಯಜಮಾನರೂ ಬಂದು ಕೂತರು. ಗರಡಿಗೆ ಯಾಕೆ ಹೋಗಿದ್ದೆ ಅಂತ ನಮ್ಮನೆಯವರನ್ನ ಕೇಳಿದರೆ, ಈ ಪುಣ್ಯಾತ್ಮ ಎದೆ ಸೆಟೆಸಿ, ನನ್ನ ಖುಷಿಗೆ ಹೋಗಿದ್ದೆ, ಮಟ್ಟಿ ಮೇಲೆ ತಪ್ಪು ಹೊರಿಸಲ್ಲ ಅಂದುಬಿಡಬೇಕೆ! ದಿನಾ ಆ ಮಣ್ಣು ಹಣೆಗೆ ಹಚ್ಕೊಂಡು ಇಳಿಯೋರಿಗೆ ಅದೇ ದೇವರು. ಅದರಿಂದ ಕೆಟ್ಟೆ ಅಂತ ಸತ್ತರೂ ಬಾಯಿ ಬಿಡಲ್ಲ. ಹಂಗಾದರೆ ಮುಗೀತು ಅಂತ ಹಿರಿಯರು ಏಳೋಕೆ ಹೊರಟರು. ನನಗೆ ಮೈಯೆಲ್ಲ ಉರಿದುಹೋಯ್ತು. ಹೆಂಗಸರು ಚಾವಡಿ ಮೆಟ್ಟಿಲು ತುಳಿಯೋ ಕಾಲ ಅಲ್ಲ ಅದು. ಕೆಳಗೆ ಬೀದಿಯಾಗೆ ನಿಂತಿದ್ದೋಳು ಸೆರಗು ಬಿಗಿದು ಹತ್ತೇಬಿಟ್ಟೆ.

"ಮಣ್ಣಿನ ತಪ್ಪು ಏನೂ ಇಲ್ಲ ಯಜಮಾನ್ರೇ. ಸಾಮು ತೆಗೆಯದೋನಿಗೆ ಮಗ್ಗ ಇಲ್ಲ ಅಂದೋರು ಯಾರು? ನಾನು ಅನ್ನಲಿಲ್ಲ ಅಂತ ಆ ಮಟ್ಟಿ ಮುಟ್ಟಿ ಹೇಳ್ರಿ. ಈಗಲೇ ಮಗ್ಗ ಬಿಟ್ಟು ಹೋಗ್ತೀವಿ."

ಸಿಟ್ಟು ಬಂದರೆ ಯಜಮಾನರ ಮಾತು ತೆಲುಗಿಗೆ ಹೊರಳೋದು. ತೆಲುಗಿನಾಗೆ ಏನೋ ಶುರು ಮಾಡಿದೋರು ಅರ್ಧಕ್ಕೇ ನಿಲ್ಲಿಸಿದರು. ಅವರೂ ಅದೇ ಮಣ್ಣಿನಾಗೆ ಬಿದ್ದು ಎದ್ದೋರಲ್ಲವೇ.

"ಅಂದಿದ್ದೆ," ಅಂದರು. "ನನ್ನ ಮಾತಿಗೆ ಮುರಿದ ಕೈ ಅದು. ಕೂಡೋವರೆಗೂ ಆ ಮನೆ ನನ್ನ ಮೇಲೈತೆ."

ಹಂಗೇ ನಡ್ಕೊಂಡರು. ರಾಗಿ, ಜೋಳ, ಎಣ್ಣೆ ತಪ್ಪದೆ ಮನೆಗೆ ಬಂತು. ಕೈ ಕೂಡಿ ಇವರು ಮತ್ತೆ ಕುಣಿಗೆ ಇಳಿಯೋವರೆಗೂ ಆ ಮಗ್ಗಕ್ಕೆ ಇನ್ನೊಬ್ಬನನ್ನ ಇಳಿಸಲಿಲ್ಲ. ಬೇರೆ ಮಗ್ಗದೋರು ಗುರ್ ಅಂದಾಗ, ಗರಡಿ ಕಟ್ಟಿಸಿದೋನು ನಾನು, ನಿಮಗ್ಯಾಕೆ ಹೊಟ್ಟೆನೋವು ಅಂತ ಕೇಳಿದರಂತೆ. ಅಂಥೋರ ಮಗ್ಗದಾಗೆ ನೇಯ್ದೋರು ನಾವು ಅಂತ ಹೇಳ್ಕೊಳ್ಳೋಕೆ ನನಗೆ ಈಗಲೂ ಹೆಮ್ಮೆ.

ಆವತ್ತು ಚಾವಡಿಯಿಂದ ಬರುವಾಗ ನಮ್ಮನೆಯವರು ನನ್ನನ್ನ ಹಿಂದೆ ಬಿಟ್ಟು ಬಿರಬಿರನೆ ನಡೆದರು. ನಾಲ್ಕು ಜನರ ಮುಂದೆ ಗಂಡನ ಮಾತು ಮೀರಿದೆ, ಇವತ್ತು ನನಗೆ ಐತೆ ಅನ್ಕೊಂಡೆ. ಮನೆಗೆ ಬಂದೋರು ಜಗಲಿ ಮೇಲೆ ಕೂತು, ದಬ್ಬೆ ಕಟ್ಟಿದ ಕೈಯನ್ನ ತೊಡೆ ಮೇಲೆ ಇಟ್ಕೊಂಡು, ನಗೋಕೆ ಶುರು ಮಾಡಿದರು.

"ಯಜಮಾನರನ್ನ ಚಿತ್ ಮಾಡಿದ ಪೈಲ್ವಾನ ಈ ಸೀಮೆಯಾಗೆ ಒಬ್ಬನೂ ಇಲ್ಲ ಕಣೇ. ನೀನು ನಿಂತ ನಿಲುವಿನಾಗೇ ಮಾಡಿದೆಯಲ್ಲ."

ಹೂಂ, ಮಾಡಿದೆ ಅಂದೆ.