ಯಾರೂ ಬೈಯದ ಸೋಲು

ಕಾಲೇಜಿನ ಹುಡುಗರು ಬಾಸ್ಕೆಟ್‌ಬಾಲ್ ಆಡಿದರೆ ಅದು ಆಟ, ಹುಡುಗಿಯರು ಆಡಿದರೆ ಅದು ಸಾಧನೆ. ಹೈದರಾಬಾದಿನ ಪೇಪರುಗಳನ್ನು ಓದಿ ಓದಿ ನಾನು ಕಲಿತದ್ದು ಇಷ್ಟೇ. ಸಾಧನೆ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಈಗ ನನಗೆ ಮೈ ಉರಿಯುತ್ತದೆ. ಆಟಕ್ಕೆ ಸ್ಕೋರ್ ಬೇಕು, ಸರಿ ತಪ್ಪು ಗೊತ್ತಿರಬೇಕು, ಬರೆಯುವವನು ಬಂದು ಕೂತು ನೋಡಿರಬೇಕು. ಸಾಧನೆಗೆ ಒಂದು ಫೋಟೊ ಇದ್ದರೆ ಆಯಿತು.

ಬೇಗಂಪೇಟೆಯ ಒಂದು ಖಾಸಗಿ ಕಾಲೇಜಿನಲ್ಲಿ ನಾನು ಹುಡುಗಿಯರ ತಂಡದ ಕೋಚ್. ಅಪ್ಪನಿಗೆ ಇಲ್ಲಿನ ರಕ್ಷಣಾ ಕಾರ್ಖಾನೆಯಲ್ಲಿ ನೌಕರಿ ಸಿಕ್ಕಿದ್ದರಿಂದ ಗದಗಿನಿಂದ ಬಂದು ನೆಲೆಸಿದವರು ನಾವು. ಹೊರಗೆ ತೆಲುಗು, ಹಿಂದಿ ಆಡುತ್ತೇನೆ, ಆದರೆ ಅಂಗಳದಲ್ಲಿ ಸಿಟ್ಟು ಬಂದಾಗ ಬಾಯಿಗೆ ಬರುವುದು ಕನ್ನಡವೇ. ಎದುರಿನ ತಂಡಕ್ಕೆ ನಾನು ಹೇಳಿದ್ದು ತಿಳಿಯುವುದಿಲ್ಲ ಎಂಬುದು ಲಾಭ. ನಮ್ಮ ತಂಡದಲ್ಲೂ ಕ್ಯಾಪ್ಟನ್ ಒಬ್ಬಳನ್ನು ಬಿಟ್ಟು ಯಾರಿಗೂ ತಿಳಿಯುವುದಿಲ್ಲ. ಅವಳ ಮನೆಯವರು ಬಾಗಲಕೋಟೆ ಕಡೆಯವರು. ತಾಯಿ ಇಲ್ಲೇ ಊರಂಚಿನ ಮಣಿಕೊಂಡದಲ್ಲಿ ರಸ್ತೆ ಬದಿಗೆ ಒಲೆ ಹೂಡಿ ಸಂಜೆ ಹೊತ್ತು ಬಿಸಿ ಜೋಳದ ರೊಟ್ಟಿ ಮಾರುತ್ತಾರೆ.

ಕಳೆದ ವರ್ಷ ಅಂತರ ಕಾಲೇಜು ಪಂದ್ಯಾವಳಿಗೆ ಮುಂಚೆ ಕಾಲೇಜಿನ ಚೇರ್ಮನ್ನರು ನನ್ನನ್ನು ಕರೆಸಿಕೊಂಡರು. ಹುಡುಗರ ತಂಡದ ಹೆಸರು ಪೇಪರಿನಲ್ಲಿ ಬರುತ್ತದೆ, ಅದನ್ನು ನೋಡಿ ಅಡ್ಮಿಷನ್ ಬರುತ್ತದೆ, ನಿಮ್ಮ ತಂಡದಿಂದ ಏನು ಬರುತ್ತದೆ ಎಂದು ತೆಲುಗಿನಲ್ಲಿ ಬಲು ನಯವಾಗಿ ಕೇಳಿದರು. ಈ ಸಲವೂ ಪೇಪರಿನಲ್ಲಿ ಕಾಣಿಸಿಕೊಳ್ಳದಿದ್ದರೆ ಮುಂದಿನ ವರ್ಷ ಹುಡುಗಿಯರ ತಂಡವೇ ಇರುವುದಿಲ್ಲ ಎಂದರು. ಅದರ ಹಿಂದಿನ ವರ್ಷ ನಾವು ಸೆಮಿಫೈನಲ್ ತನಕ ಹೋಗಿದ್ದೆವು. ಪೇಪರಿನವರು ಹುಡುಗರ ಸುದ್ದಿಯ ಬಾಲಕ್ಕೆ ‘ಮಹಿಳೆಯರ ಪಂದ್ಯಗಳೂ ನಡೆದವು’ ಎಂದು ಒಂದು ಸಾಲು ಕಟ್ಟಿ ಕೈ ತೊಳೆದುಕೊಂಡಿದ್ದರು. ಯಾರು ಆಡಿದರು, ಯಾರು ಗೆದ್ದರು, ಏನೂ ಇಲ್ಲ. ಮಳೆ ಬಂತು, ಕರೆಂಟು ಹೋಯಿತು, ಮಹಿಳೆಯರ ಪಂದ್ಯಗಳೂ ನಡೆದವು.

ಕಳೆದ ವರ್ಷ ನಾವು ಫೈನಲ್ ಮುಟ್ಟಿದೆವು. ನಮ್ಮ ಕಾಲೇಜಿನ ಹುಡುಗರೂ ಮುಟ್ಟಿದರು. ತಂಡ ಉಳಿಯಬೇಕಲ್ಲ, ಕ್ರೀಡಾ ವರದಿಗಾರನಿಗೆ ನಾನೇ ಫೋನ್ ಮಾಡಿದೆ. ಹುಡುಗರ ಕೋಚ್‌ಗಾದರೆ ಅವನೇ ಮಾಡುತ್ತಾನೆ. ಯಾರ ಕಾಲು ಉಳುಕಿದೆ, ಬುಟ್ಟಿಗೆ ಬಡಿದು ಬಂದ ಚೆಂಡನ್ನು ಯಾರು ಹೆಚ್ಚು ಹಿಡಿದರು, ಎಲ್ಲವೂ ಅವನಿಗೆ ಬೇಕು. ನಮ್ಮ ಕ್ಯಾಪ್ಟನ್ ಸೆಮಿಫೈನಲ್ಲಿನಲ್ಲಿ ಹೇಗೆ ಆಡಿದಳೆಂದು ನಾನು ಶುರು ಮಾಡಿದರೆ, ಅದಿರಲಿ ಮೇಡಂ, ಸ್ಟೋರಿ ಏನಿದೆ ಎಂದ. ಮನೆಯಲ್ಲಿ ವಿರೋಧ ಇತ್ತೇ, ಬಡತನ ಇದೆಯೇ, ಆಟಕ್ಕಾಗಿ ಯಾರದಾದರೂ ಮದುವೆ ಮುರಿದಿದೆಯೇ ಎಂದೆಲ್ಲ ಕೇಳಿದ. ಅಂಥದ್ದೇನೂ ಇಲ್ಲವೆಂದೆ. ಅವನು ಬಿಡಬೇಕಲ್ಲ. ಪ್ರಾಕ್ಟೀಸಿಗೆ ಬಂದು, ಆಟದ ಕಡೆ ಬೆನ್ನು ಹಾಕಿ ಕೂತು, ಹುಡುಗಿಯರನ್ನು ಒಬ್ಬೊಬ್ಬರನ್ನಾಗಿ ವಿಚಾರಿಸಿ ಕಡೆಗೂ ರೊಟ್ಟಿಯ ವಾಸನೆ ಹಿಡಿದ.

ಫೈನಲ್ಲಿನ ಹಿಂದಿನ ಸಂಜೆ ಫೋಟೊಗ್ರಾಫರನನ್ನು ಕಟ್ಟಿಕೊಂಡು ಮಣಿಕೊಂಡಕ್ಕೆ ಹೋದ. ನಾನೂ ಹೋಗಿದ್ದೆ. ಹುಡುಗಿಗೆ ಜರ್ಸಿ ಹಾಕಿಸಿ ಒಲೆ ಮುಂದೆ ಕೂರಿಸಿದರು, ಹಿಟ್ಟಿನ ಪರಾತದ ಪಕ್ಕ ಚೆಂಡು ಇಟ್ಟರು, ರೊಟ್ಟಿ ಬಡಿ ಎಂದರು. ಅವಳಿಗೆ ರೊಟ್ಟಿ ಬಡಿಯಲು ಬರುವುದೇ ಇಲ್ಲ. ಆಡುವ ಕೈ ಸುಟ್ಟುಕೊಂಡೀತೆಂದು ತಾಯಿ ಅವಳನ್ನು ಒಲೆಯ ಹತ್ತಿರ ಬಿಟ್ಟುಕೊಂಡವರೇ ಅಲ್ಲ. ಮೊದಲನೆಯ ರೊಟ್ಟಿ ಹರಿಯಿತು, ಎರಡನೆಯದೂ ಹರಿಯಿತು. ರೊಟ್ಟಿಗೆ ಕಾದು ನಿಂತಿದ್ದ ಐಟಿ ಕಂಪನಿಯ ಹುಡುಗರು ಹಲ್ಲು ಕಿರಿಯುತ್ತ ವಿಡಿಯೊ ಮಾಡಿಕೊಂಡರು. ಕೊನೆಗೆ ತಾಯಿ ಬಡಿದ ರೊಟ್ಟಿಯನ್ನೇ ಅವಳ ಅಂಗೈ ಮೇಲಿಟ್ಟು ನಗು ಎಂದರು. ನಕ್ಕಳು.

"ಆಟದ್ದು ಒಂದೂ ಕೇಳಲಿಲ್ಲಲ್ರೀ ಅಕ್ಕಾರ ಇವ್ರು," ಎಂದು ತಾಯಿ ಮೆಲ್ಲಗೆ ನನಗೆ ಹೇಳಿದರು. ತಂಡ ಉಳಿಯಲಿ ಬಿಡಿ ಎಂದೆ.

ಮಹಿಳೆಯರ ಫೈನಲ್ ಮಧ್ಯಾಹ್ನ ಎರಡಕ್ಕೆ, ಸಿಮೆಂಟಿನ ಅಂಗಳ ಹಂಚಿನ ಹಾಗೆ ಕಾದಿದ್ದಾಗ. ಪುರುಷರದ್ದು ಸಂಜೆ, ಬಿಸಿಲು ಇಳಿದು, ದೀಪ ಹತ್ತಿ, ಅತಿಥಿಗಳು ಸೋಫಾದಲ್ಲಿ ಕೂತ ಮೇಲೆ. ನಮ್ಮ ಪಂದ್ಯಕ್ಕೆ ಪೇಪರಿನವರ ಪೈಕಿ ಒಂದು ನರಪಿಳ್ಳೆಯೂ ಬಂದಿರಲಿಲ್ಲ. ಕೊನೆಯ ಗಳಿಗೆಯಲ್ಲಿ ನಾವು ಒಂದೇ ಒಂದು ಅಂಕ ಹಿಂದಿದ್ದೆವು. ಕ್ಯಾಪ್ಟನ್‌ಗೆ ಎರಡು ಫ್ರೀ ಥ್ರೋ ಸಿಕ್ಕವು, ಅಂದರೆ ಯಾರೂ ಅಡ್ಡ ಬಾರದೆ ಗೆರೆಯ ಮೇಲೆ ನಿಂತು ಬುಟ್ಟಿಗೆ ಎಸೆಯುವ ಅವಕಾಶ. ಎರಡನ್ನೂ ತಪ್ಪಿಸಿದಳು. ಸೋತೆವು. ಸಂಜೆ ಹುಡುಗರೂ ಸೋತರು. ಅವರ ಕ್ಯಾಪ್ಟನ್ನೂ ಕೊನೆಯಲ್ಲಿ ಕೈಗೆ ಬಂದ ಅವಕಾಶ ಕಳೆದುಕೊಂಡಿದ್ದ.

ಮರುದಿನ ಕ್ರೀಡಾಪುಟದ ಅರ್ಧ ಭಾಗ ಆ ಹುಡುಗನದೇ. ಅವಸರಪಟ್ಟ, ಪಕ್ಕದಲ್ಲಿ ಖಾಲಿ ನಿಂತಿದ್ದ ಜೊತೆಯವನನ್ನು ನೋಡಲಿಲ್ಲ, ಎಡಗೈಯಿಂದ ಎಸೆಯಬೇಕಾದ ಜಾಗದಲ್ಲಿ ಬಲಗೈ ಬಳಸಿದ ಎಂದು ಕಾಲಂಗಟ್ಟಲೆ ಬೈದಿದ್ದರು. ನಮ್ಮದು ಕ್ರೀಡಾಪುಟದಲ್ಲಿ ಇರಲೇ ಇಲ್ಲ. ಸಿನಿಮಾ, ಅಡುಗೆ, ಸೀರೆ ಸೇಲ್ ಎಲ್ಲ ಬರುವ ನಗರದ ಪುರವಣಿಯಲ್ಲಿತ್ತು. ‘ರೊಟ್ಟಿ ಬಡಿಯುವ ಕೈಯಲ್ಲಿ ಬಾಸ್ಕೆಟ್‌ಬಾಲ್’ ಎಂಬರ್ಥದ ತಲೆಬರಹ, ಅಂಗೈ ಮೇಲೆ ರೊಟ್ಟಿ ಇಟ್ಟುಕೊಂಡ ದೊಡ್ಡ ಫೋಟೊ. ಹಸಿದು ಮಲಗಿದ ರಾತ್ರಿಗಳಂತೆ. ರೊಟ್ಟಿ ಮಾರುವವರ ಮನೆಯಲ್ಲಿ ಹಸಿವೆಯೇ? ಆಟಕ್ಕೆ ಅಡ್ಡ ನಿಂತ ತಂದೆಯಂತೆ. ಆ ಮನುಷ್ಯ ದಿನವೂ ಬೆಳಗ್ಗೆ ಮಗಳನ್ನು ಬೈಕಿನಲ್ಲಿ ಪ್ರಾಕ್ಟೀಸಿಗೆ ತಂದು ಬಿಡುತ್ತಾನೆ. ಆಟದ ಫಲಿತಾಂಶ ಮಾತ್ರ ಎಲ್ಲೂ ಇಲ್ಲ. ಇರುವುದಾದರೂ ಹೇಗೆ? ಪುಣ್ಯಾತ್ಮ ಫೈನಲ್ಲಿಗೆ ಮುಂಚೆಯೇ ಬರೆದಿಟ್ಟಿದ್ದ. ನಾವು ಗೆದ್ದರೂ, ಸೋತರೂ, ಮಳೆ ಬಂದು ಪಂದ್ಯವೇ ನಿಂತರೂ ನಡೆಯುವಂಥ ಬರಹ ಅದು.

ಚೇರ್ಮನ್ನರಿಗೆ ಖುಷಿಯೋ ಖುಷಿ. ನನ್ನನ್ನೂ ಆ ಹುಡುಗಿಯನ್ನೂ ಕರೆಸಿ, ಸ್ವೀಟ್ ಡಬ್ಬಿ ಮುಂದೆ ಹಿಡಿದು, ಹುಡುಗಿಯರ ತಂಡ ಮುಂದಿನ ವರ್ಷವೂ ಇರುತ್ತದೆ ಎಂದರು. ಆಮೇಲೆ, ಕಪ್ ಎಲ್ಲಿ, ನನ್ನ ರೂಮಿನ ಗಾಜಿನ ಬೀರುವಿನಲ್ಲಿ ಇಡೋಣ ಎಂದರು.

ಪೇಡೆ ಹಿಡಿದಿದ್ದ ಹುಡುಗಿ ಅದನ್ನು ಡಬ್ಬಿಯಲ್ಲಿ ವಾಪಸ್ಸಿಟ್ಟಳು. ಸೋತೆವು ಸರ್, ಎರಡು ಫ್ರೀ ಥ್ರೋ ನಾನೇ ತಪ್ಪಿಸಿದೆ ಎಂದು ತೆಲುಗಿನಲ್ಲಿ ಹೇಳಿದಳು. ಅವರು ಪುರವಣಿಯನ್ನು ಇನ್ನೊಮ್ಮೆ ಮೇಲೆ ಕೆಳಗೆ ನೋಡಿ, ಇದರಲ್ಲಿ ಹಾಗೇನೂ ಇಲ್ಲವಲ್ಲ, ಬಿಡಮ್ಮ ಎಂದರು. ಮುಂದಿನ ವರ್ಷಕ್ಕೂ ಇಂಥ ಒಬ್ಬ ಹುಡುಗಿಯನ್ನು ನೋಡಿಟ್ಟಿರಿ ಎಂದು ನನಗೆ ಹೇಳಿದರು. ಅವಳನ್ನು ಕರೆದುಕೊಂಡು ಎದ್ದು ಬಂದೆ.

ಹೊರಗೆ ಬಂದ ಮೇಲೆ, ತಂಡ ಉಳಿಯಿತಲ್ಲ, ಸಮಾಧಾನ ಮಾಡಿಕೋ ಎಂದೆ. ಅವಳು ಬ್ಯಾಗಿನಿಂದ ಕ್ರೀಡಾಪುಟ ತೆಗೆದು ಹುಡುಗನ ಫೋಟೊ ತೋರಿಸಿದಳು.

"ಅವಗ ಎಷ್ಟು ಬೈದಾರ ನೋಡ್ರಿ ಮೇಡಂ. ಅಂದ್ರ ಅವನ ಆಟಾನ ಯಾರೋ ಕಣ್ಣಿಟ್ಟು ನೋಡ್ಯಾರ. ನಾನೂ ತಪ್ಪಿಸಿದೆ. ನನಗ್ಯಾಕ ಯಾರೂ ಬೈಲಿಲ್ಲರಿ?"

ಕಣ್ಣಲ್ಲಿ ನೀರು ಇರಲಿಲ್ಲ. ಅಳುವುದಾದರೆ ನಾನೇ ಅಳಬೇಕಿತ್ತು, ಅಷ್ಟು ಸಂಕಟವಾಯಿತು. ಕೈ ಹಿಡಿದು ಅಂಗಳಕ್ಕೆ ಕರೆದೊಯ್ದೆ, ಫ್ರೀ ಥ್ರೋ ಗೆರೆಯ ಮೇಲೆ ನಿಲ್ಲಿಸಿದೆ.

"ಚೆಂಡು ಬುಟ್ಟಿ ತನಕ ಮುಟ್ಟಲೇ ಇಲ್ಲ. ಯಾಕ? ಮೊಣಕಾಲು ಬಗ್ಗಿಸಲಿಲ್ಲ ನೀ. ಕಾಲಾಗ ಕಸುವು ಇರಲಿಲ್ಲ. ಸ್ವಲ್ಪ ಹೊತ್ತು ಹೊರಗ ಬಂದು ಕುಂದ್ರು ಅಂತ ಒದರಿದೆ, ಕೇಳಿಸಿದರೂ ಬರಲಿಲ್ಲ. ಭಾಳ ಸೊಕ್ಕು ನಿನಗ. ನಿನ್ನ ಸೊಕ್ಕಿನಿಂದ ಕಪ್ ಹೋತು."

ತಲೆಯಾಡಿಸುತ್ತ ಕೇಳಿಸಿಕೊಂಡಳು. ನಾನು ಉಸಿರು ತೆಗೆದುಕೊಳ್ಳಲು ನಿಂತಾಗ, "ಹೌದ್ರಿ," ಎಂದಳು. "ಅದು ಮೊದಲನೇದು. ಎರಡನೇದರಾಗ ಏನು ತಪ್ಪಾತ್ರಿ?"

ಎರಡನೆಯದಕ್ಕೆ ಇನ್ನೂ ಜಾಸ್ತಿ ಬೈದೆ.